15 ವರ್ಷದ ವ್ಯಾಗನ್ ಆರ್, 9 ವರ್ಷದ ಬೆಂಜ್: ಮಂಡ್ಯದ ಒಂದು ಮನೆಯ ಲೆಕ್ಕ

ಮಂಡ್ಯದ ನಿವೃತ್ತ ಪ್ರೌಢಶಾಲಾ ಮೇಷ್ಟ್ರೊಬ್ಬರ ಮನೆಯಲ್ಲಿ 2025ರ ಕೊನೆಯ ತಿಂಗಳುಗಳಲ್ಲಿ ಎದ್ದ ಪ್ರಶ್ನೆ ಇದು. ಅವರ 2010ರ ಮಾರುತಿ ವ್ಯಾಗನ್ ಆರ್‌ಗೆ 15 ವರ್ಷ ತುಂಬಿ ಆರ್‌ಸಿ ನವೀಕರಣದ ಗಡುವು ಬಂದಿತ್ತು. ಅದೇ ಹೊತ್ತಿಗೆ ಅವರ ಮಗ ಮೈಸೂರಿನ ಹಳೆ ಕಾರು ವ್ಯಾಪಾರಿಯೊಬ್ಬರ ಬಳಿ 2016ರ ಮರ್ಸಿಡಿಸ್ ಬೆಂಜ್ ಸಿ 220 ಡಿ ಸೆಡಾನನ್ನು ನೋಡಿ ಬಂದಿದ್ದ. ಕೇಳಿದ ಬೆಲೆ 15 ಲಕ್ಷ. ಹೊಸದಾಗಿ ಷೋರೂಮಿನಿಂದ ಹೊರಟಾಗ 40 ಲಕ್ಷದ ಆಸುಪಾಸಿನಲ್ಲಿದ್ದ ಕಾರು, ಈಗ ಒಂದು ಸಾಧಾರಣ ಹೊಸ ಎಸ್‌ಯುವಿಯ ದರಕ್ಕೆ ಸಿಗುತ್ತಿದೆ ಎಂಬುದು ಮಗನ ವಾದ. ಓಡುತ್ತಿರುವ ಕಾರನ್ನು ಬಿಟ್ಟು ಆನೆ ಸಾಕುವುದು ಏಕೆ ಎಂಬುದು ಅಪ್ಪನ ವಾದ. ಇಬ್ಬರೂ ಒಪ್ಪಿದ ಒಂದೇ ಸಂಗತಿಯೆಂದರೆ, ನನ್ನನ್ನು ಕರೆದು ಕೇಳುವುದು.

ನಾನು ವಾಹನ ವಿಮೆಯ ಸರ್ವೇಯರ್. ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಅಪಘಾತಕ್ಕೀಡಾದ ವಾಹನಗಳನ್ನು ನೋಡಿ ನಷ್ಟದ ಅಂದಾಜು ಬರೆಯುವುದು ನನ್ನ ಕೆಲಸ. ಕಾರುಗಳನ್ನು ನಾನು ನೋಡುವುದೇ ಅವು ಜಜ್ಜಿಹೋದ ಮೇಲೆ. ಹಾಗಾಗಿ ಸೀಟಿನ ಚರ್ಮದ ಬಣ್ಣಕ್ಕಿಂತ ಮೊದಲು ನನ್ನ ಕಣ್ಣು ಹೆಡ್‌ಲ್ಯಾಂಪಿನ ಬೆಲೆಯ ಕಡೆಗೆ ಹೋಗುತ್ತದೆ. ಈ ಪ್ರಕರಣವನ್ನು ಬರೆಯಲು ಮನೆಯವರ ಒಪ್ಪಿಗೆ ಇದೆ, ಹೆಸರು ಬೇಡವೆಂದರು.

ಮನೆಯ ಓಡಾಟ

ಮೇಷ್ಟ್ರು, ಅವರ ಹೆಂಡತಿ, ಮಗ, ಸೊಸೆ, ಒಂದು ಮಗು. ಮಗನ ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ವಾರದ ದಿನಗಳಲ್ಲಿ ಅವನು ಸೀಸನ್ ಪಾಸಿನಲ್ಲಿ ರೈಲಿಗೇ ಹೋಗಿ ಬರುತ್ತಾನೆ. ಕಾರು ಹೊರಡುವುದು ಮಂಡ್ಯ ಪೇಟೆಗೆ, ಆಸ್ಪತ್ರೆಗೆ, ವಾರಕ್ಕೊಮ್ಮೆ ಪಾಂಡವಪುರದ ಕಡೆ ಇರುವ ತೋಟಕ್ಕೆ, ತಿಂಗಳಲ್ಲಿ ಒಂದೆರಡು ಬಾರಿ ಬೆಂಗಳೂರಿನ ಮಗಳ ಮನೆಗೆ. ವರ್ಷಕ್ಕೆ ಸುಮಾರು 8,000 ಕಿಲೋಮೀಟರ್ ಆಗುತ್ತದೆ. ಮುಂದಿನ ಲೆಕ್ಕವೆಲ್ಲ ಈ ಅಂಕಿಯ ಮೇಲೆ ನಿಂತಿದೆ.

ಮೂರು ಬಗೆಯ ರಸ್ತೆಗಳು ಇಲ್ಲಿವೆ. ಪೇಟೆಯ ರಸ್ತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡನೆಯದು ತೋಟಕ್ಕೆ ಹೋಗುವ ನಾಲೆ ಏರಿಯ ದಾರಿ: ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಯ ಇಳಿಜಾರು, ಕಟಾವಿನ ಕಾಲದಲ್ಲಿ ಎದುರಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್. ಟ್ರ್ಯಾಕ್ಟರಿನವನು ಪಕ್ಕಕ್ಕೆ ಸರಿಯುವುದಿಲ್ಲ. ಸರಿದರೆ ಟ್ರೇಲರ್ ಮಗುಚುತ್ತದೆ. ಸರಿಯಬೇಕಾದವರು ಕಾರಿನವರೇ. ಮೂರನೆಯದು 2023ರ ಮಾರ್ಚ್ 12ರಂದು ಇದೇ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ. ಕಾರುಗಳಿಗೆ ಅಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗಮಿತಿ. 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ.

ಒಂದೇ ಮನೆಯ ಒಂದೇ ಕಾರು ಈ ಮೂರಕ್ಕೂ ಸಲ್ಲಬೇಕು. ಜಗಳದ ಬೇರು ಅಲ್ಲಿತ್ತು.

ರ್‍ಯಾಂಪಿನ ಮೇಲೆ

ವ್ಯಾಗನ್ ಆರ್ ಸರಳ ಯಂತ್ರ. 998 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಟೈಮಿಂಗ್ ಬೆಲ್ಟಿನ ಬದಲು ಚೈನ್, ನೆಲದಿಂದ 165 ಮಿಲಿಮೀಟರ್ ಎತ್ತರ. ಮಂಡ್ಯದಲ್ಲಿ ಯಾವ ಗ್ಯಾರೇಜಿಗೆ ಕೊಟ್ಟರೂ ಕಣ್ಣು ಮುಚ್ಚಿಕೊಂಡು ಬಿಚ್ಚುತ್ತಾರೆ, ಬಿಡಿಭಾಗ ಅದೇ ದಿನ ಸಿಗುತ್ತದೆ. ಮೇಷ್ಟ್ರ ಕಾರಿನಲ್ಲಿ ಮುಂದಿನ ಸಸ್ಪೆನ್ಷನ್ ಬುಷ್‌ಗಳು ಸವೆದಿದ್ದವು, ಎಸಿ ಸೊರಗಿತ್ತು, ಟೈರುಗಳ ಕಾಲ ಮುಗಿದಿತ್ತು. ಇಂಧನದ ರಬ್ಬರ್ ಕೊಳವೆಯನ್ನೂ ಬದಲಿಸಿ ಎಂದು ಬರೆದುಕೊಟ್ಟೆ. ಈಗ ಪೆಟ್ರೋಲಿನಲ್ಲಿ ಹಳೆಯ ರಬ್ಬರನ್ನು ಕೆಡಿಸಬಲ್ಲ, ಕಬ್ಬಿನಿಂದಲೂ ತೆಗೆಯುವ ಎಥೆನಾಲ್ ಶೇ. 20ರವರೆಗೆ ಇರುತ್ತದೆ, ಈ ಕಾರು ಹುಟ್ಟಿದಾಗ ಆ ಲೆಕ್ಕ ಇರಲಿಲ್ಲ. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರಿನವರು ಕಬ್ಬಿನ ರಸ ಟ್ಯಾಂಕಿಗೂ ಬಂತೆಂದು ದೂರುವ ಹಾಗಿಲ್ಲವಲ್ಲ. ಒಟ್ಟು ಖರ್ಚಿನ ಅಂದಾಜು 48,000 ರೂಪಾಯಿ.

ಬೆಂಜನ್ನು ಬನ್ನಿಮಂಟಪದ ಕಡೆಯ ಗ್ಯಾರೇಜೊಂದರಲ್ಲಿ ರ್‍ಯಾಂಪಿಗೆ ಏರಿಸಿ ನೋಡಿದೆವು. ಕಾರು ದೆಹಲಿ ನೋಂದಣಿಯದು. ಹಾಗಾಗಿ ಮೊದಲು ಹುಡುಕಿದ್ದು ನೀರು. 2023ರ ಜುಲೈಯಲ್ಲಿ ದೆಹಲಿಯಲ್ಲಿ ಯಮುನೆ 208.66 ಮೀಟರಿಗೆ ಏರಿ ದಾಖಲೆ ಬರೆದಿತ್ತು. ಆ ನೀರಿನಲ್ಲಿ ನಿಂತ ಕಾರುಗಳು ತೊಳೆದು ಒಣಗಿಸಿಕೊಂಡು ಎಲ್ಲೆಲ್ಲಿಗೆ ಹೋಗಿವೆಯೋ ಹೇಳುವವರಿಲ್ಲ. ಇದಕ್ಕೆ ದೊಡ್ಡ ಉಪಕರಣವೇನೂ ಬೇಡ. ಸೀಟ್ ಬೆಲ್ಟನ್ನು ಸುರುಳಿಯ ಕೊನೆಯವರೆಗೆ ಎಳೆಯಬೇಕು. ದಿನನಿತ್ಯ ಹೊರಗೆ ಬರುವ ಭಾಗವನ್ನು ವ್ಯಾಪಾರಿ ತೊಳೆದಿರುತ್ತಾನೆ, ಸುರುಳಿಯೊಳಗೆ ಉಳಿಯುವ ಕೊನೆಯ ಒಂದಡಿಯನ್ನು ತೊಳೆಯುವುದಿಲ್ಲ. ನೀರು ಕುಡಿದ ಕಾರಿನಲ್ಲಿ ಅಲ್ಲಿ ಕಂದು ಗೆರೆ ಕಾಣುತ್ತದೆ, ಬೆರಳಿಗೆ ಸಣ್ಣ ಮರಳು ತಗಲುತ್ತದೆ. ಈ ಕಾರಿನ ಐದೂ ಬೆಲ್ಟುಗಳು ಕೊನೆಯವರೆಗೆ ಸ್ವಚ್ಛವಾಗಿದ್ದವು. ಸರ್ವಿಸ್ ದಾಖಲೆಗಳೂ ಮೀಟರಿನ 62,000 ಕಿಲೋಮೀಟರಿಗೆ ಹೊಂದುತ್ತಿದ್ದವು.

ಟೈರುಗಳು ಮಾತ್ರ ಬೇರೆ ಕಥೆ ಹೇಳಿದವು. ಟೈರಿನ ಪಕ್ಕದಲ್ಲಿ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ: ಮೊದಲ ಎರಡು ವಾರ, ನಂತರದ ಎರಡು ವರ್ಷ. ಹಿಂದಿನ ಎರಡರಲ್ಲೂ 2319 ಎಂದಿತ್ತು, ಅಂದರೆ 2019ರ 23ನೇ ವಾರ. ಅಚ್ಚು ಆಳವಾಗಿಯೇ ಇದ್ದರೂ ರಬ್ಬರಿಗೆ ಆರು ವರ್ಷ. 17 ಇಂಚಿನ ಅಂಥ ಟೈರು ಒಂದಕ್ಕೆ 12,000 ರೂಪಾಯಿಗೆ ಕಡಿಮೆ ಇಲ್ಲ. ಉಳಿದಂತೆ ಕಾರು ಚೊಕ್ಕ. ಯಾರೋ ಪ್ರೀತಿಯಿಂದ ಇಟ್ಟುಕೊಂಡಿದ್ದರು.

ಓಡಿಸಿಯೂ ನೋಡಿದೆವು. ಮೈಸೂರಿನ ಹೊರ ವರ್ತುಲ ರಸ್ತೆಯಲ್ಲಿ 400 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ನಿನ ಎಳೆಯುವ ಬಲ, ಏನೆಂಬುದು ಕಾಲಿಗೆ ಗೊತ್ತಾಗುತ್ತದೆ. ಲಾರಿಯನ್ನು ಹಿಂದಿಕ್ಕಲು ಗೇರು, ಧೈರ್ಯ, ದೇವರು ಎಂದು ಒಬ್ಬೊಬ್ಬರನ್ನೇ ಕರೆಯಬೇಕಾಗಿಲ್ಲ. ಬಾಗಿಲು ಹಾಕಿದರೆ ಹೊರಗಿನ ಗದ್ದಲ ಹೊರಗೇ ಉಳಿಯುತ್ತದೆ. ಮಗನ ಮುಖ ನೋಡಿದಾಗ ಅವನ ಆಸೆ ಬರೀ ಪ್ರತಿಷ್ಠೆಯದು ಎಂದು ಅಪ್ಪ ಹೇಳುತ್ತಿದ್ದುದು ಪೂರ್ತಿ ನ್ಯಾಯವಲ್ಲ ಎನಿಸಿತು. ಒಳ್ಳೆಯ ಯಂತ್ರವನ್ನು ಓಡಿಸುವ ಸುಖ ನಿಜವಾದದ್ದೇ.

15 ಲಕ್ಷದ ಕಾರಿನ ನಿಜ ಬೆಲೆ

ಕಾರು ಅಷ್ಟು ಅಗ್ಗವೇಕೆ? ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ರಾಷ್ಟ್ರ ರಾಜಧಾನಿ ವಲಯದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಮುಂದೆ ಒಂಬತ್ತು ತುಂಬುತ್ತಿದ್ದಂತೆ ಅಲ್ಲಿನ ಮಾಲೀಕರು ಡೀಸೆಲ್ ಕಾರುಗಳನ್ನು ಬಂದ ಬೆಲೆಗೆ ಬಿಡುವುದು ವಾಡಿಕೆಯಾಯಿತು. ಕರ್ನಾಟಕದಲ್ಲಿ ಆ ನಿರ್ಬಂಧವಿಲ್ಲ. ವ್ಯಾಪಾರಿ ದುಡಿಯುವುದು ಈ ಅಂತರದಲ್ಲಿ.

ಆದರೆ ಕಾರು ಇಲ್ಲಿಗೆ ಬಂದು ಮಂಡ್ಯದ ನೋಂದಣಿ ಪಡೆದು ಕೆಎ 11 ಆಗಬೇಕಾದರೆ ದೆಹಲಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ, ಇಲ್ಲಿನ ಮರುನೋಂದಣಿ, ಎಲ್ಲಕ್ಕಿಂತ ಮೇಲೆ ಜೀವಾವಧಿ ತೆರಿಗೆ ಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಇದು ಶೇ. 18, ಅದರ ಮೇಲೆ ಸೆಸ್. ಹೊರರಾಜ್ಯದ ಹಳೆಯ ಕಾರಿಗೆ ವಯಸ್ಸಿನ ರಿಯಾಯಿತಿ ಇದೆ, ಆದರೆ ಲೆಕ್ಕ ಶುರುವಾಗುವುದು ಕಾರಿನ ಮೂಲ ಬೆಲೆಯಿಂದ. ನೀವು ಈಗ ಕೊಟ್ಟ 15 ಲಕ್ಷಕ್ಕೆ ಅಲ್ಲಿ ಬೆಲೆಯಿಲ್ಲ. ಆರ್‌ಟಿಒ ಏಜೆಂಟ್ ಹೇಳಿದ ಅಂದಾಜು ಮೂರೂವರೆ ಲಕ್ಷಕ್ಕೆ ಮೇಲೆ. ಅಲ್ಲಿಗೆ ಕಾರಿನ ಬೆಲೆ ಹದಿನೆಂಟೂವರೆ ಲಕ್ಷ ದಾಟಿತು. ಆ ದರಕ್ಕೆ ಕರ್ನಾಟಕ ನೋಂದಣಿಯ ಕಾರನ್ನೇ ಹುಡುಕಬಹುದಿತ್ತು. ವ್ಯಾಪಾರಿ ಇದನ್ನು ಬಚ್ಚಿಟ್ಟರು ಎನ್ನಲಾರೆ. ಕೇಳಿದ ಮೇಲೆ ಹೇಳಿದರು.

ಇಂಧನದ ವಿಷಯದಲ್ಲಿ ಅಪ್ಪ, ಮಗ ಇಬ್ಬರಿಗೂ ಆಶ್ಚರ್ಯ ಕಾದಿತ್ತು. ಹಳೆಯ ವ್ಯಾಗನ್ ಆರ್ ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದೆ, ಪೆಟ್ರೋಲ್ ಆಗ 103ರ ಆಸುಪಾಸು ಇತ್ತು. ಬೆಂಜ್ 13 ಕೊಟ್ಟರೂ ಡೀಸೆಲ್ 91ರ ಸುತ್ತಮುತ್ತ. ಕಿಲೋಮೀಟರಿಗೆ ಎರಡಕ್ಕೂ ಏಳು ರೂಪಾಯಿಯೇ! ವರ್ಷಕ್ಕೆ 55,000 ಒಂದಕ್ಕೆ, 56,000 ಇನ್ನೊಂದಕ್ಕೆ. ಮನೆಯಲ್ಲಿ ಎರಡು ವಾರ ಮೈಲೇಜಿನ ಮೇಲೆ ನಡೆದ ಜಗಳ ವ್ಯರ್ಥವಾಗಿತ್ತು.

ವ್ಯತ್ಯಾಸ ಇರುವುದು ಕಾರು ನಿಂತಲ್ಲೇ ತಿನ್ನುವ ದುಡ್ಡಿನಲ್ಲಿ. ಬೆಂಜಿನ ವಿಮೆಗೆ ಬಂದ ದರಪಟ್ಟಿ 38,000. ಅದರಲ್ಲಿ ಮೂರನೇ ವ್ಯಕ್ತಿಯ ವಿಮೆಯೇ 7,897 ರೂಪಾಯಿ, ಏಕೆಂದರೆ ಎಂಜಿನ್ 1,500 ಸಿಸಿಗೆ ಮೇಲೆ. 1,000 ಸಿಸಿಯೊಳಗಿನ ವ್ಯಾಗನ್ ಆರ್‌ಗೆ ಅದು 2,094. ಸರ್ವಿಸಿಗೆಂದು ವರ್ಷಕ್ಕೆ 65,000 ತೆಗೆದಿಡಿ ಎಂದೆ. ಹದಿನೆಂಟೂವರೆ ಲಕ್ಷದ ಕಾರು ಐದು ವರ್ಷದ ನಂತರ ಎಂಟರಿಂದ ಒಂಬತ್ತು ಲಕ್ಷಕ್ಕೆ ಹೋದರೆ ವರ್ಷಕ್ಕೆ ಎರಡು ಲಕ್ಷ ಕರಗಿದಂತೆ. ಆ ಹಣ ಬ್ಯಾಂಕಿನಲ್ಲೇ ಇದ್ದಿದ್ದರೆ ಬರುತ್ತಿದ್ದ ಬಡ್ಡಿ ಇನ್ನೊಂದು ಲಕ್ಷ ಇಪ್ಪತ್ತು ಸಾವಿರ. ಎಲ್ಲ ಕೂಡಿ 8,000ದಿಂದ ಭಾಗಿಸಿದರೆ ಕಿಲೋಮೀಟರಿಗೆ 60 ರೂಪಾಯಿ. ವ್ಯಾಗನ್ ಆರ್‌ಗೆ ರಿಪೇರಿ, ನವೀಕರಣ ಎಲ್ಲ ಸೇರಿಸಿಯೂ 11. ಕಾರು ಹೆಚ್ಚು ಓಡಿದಷ್ಟೂ ಬೆಂಜಿನ ದರ ಇಳಿಯುತ್ತದೆ ಎಂಬುದು ನಿಜ, ಆದರೆ ರೈಲಿನಲ್ಲಿ ಕೆಲಸಕ್ಕೆ ಹೋಗುವವನು ಎಲ್ಲಿಗೆಂದು ಓಡಿಸುತ್ತಾನೆ?

ಹೆಡ್‌ಲ್ಯಾಂಪಿನ ಪಾಠ

ನನ್ನ ವೃತ್ತಿಯಿಂದ ಸೇರಿಸಬೇಕಾದ ಮಾತು ಇಲ್ಲಿದೆ. ಐಷಾರಾಮಿ ಕಾರು ಹಳೆಯದಾದಂತೆ ಅದರ ಬೆಲೆ ಬೀಳುತ್ತದೆ, ಅದರ ಭಾಗಗಳ ಬೆಲೆ ಬೀಳುವುದಿಲ್ಲ. ಕೊಳ್ಳುವವರು 15 ಲಕ್ಷದ ಕಾರು ಕೊಂಡೆ ಎಂದುಕೊಳ್ಳುತ್ತಾರೆ, ಗ್ಯಾರೇಜಿಗೆ ಹೋದಾಗ ಅದು 40 ಲಕ್ಷದ ಕಾರೇ ಆಗಿರುತ್ತದೆ.

ಇಂಥ ಕಾರಿನ ಒಂದು ಎಲ್‌ಇಡಿ ಹೆಡ್‌ಲ್ಯಾಂಪಿನ ಬಿಲ್ಲು ಲಕ್ಷ ದಾಟುವುದನ್ನು ನಾನು ಅಂದಾಜು ಪಟ್ಟಿಗಳಲ್ಲಿ ನೋಡುತ್ತಲೇ ಇರುತ್ತೇನೆ. ಮೇಷ್ಟ್ರ ಇಡೀ ವ್ಯಾಗನ್ ಆರ್‌ನ ವಿಮಾ ಮೌಲ್ಯ ಒಂದು ಲಕ್ಷದ ಇಪ್ಪತ್ತು ಸಾವಿರ. ಬೆಂಜಿನ ಒಂದು ಕಣ್ಣು ಹೋದರೆ ಒಂದು ವ್ಯಾಗನ್ ಆರ್ ಹೋದಂತೆ. ವಿಮೆ ಇದೆಯಲ್ಲ ಎಂದು ಮಗ ಕೇಳಿದ. ಇದೆ. ಆದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿಯೆಂದು ಶೇ. 50 ಕಳೆಯುತ್ತಾರೆ. ಲೋಹದ ಭಾಗಕ್ಕೆ ಕಾರಿನ ವಯಸ್ಸು ಐದರಿಂದ ಹತ್ತು ವರ್ಷವಿದ್ದರೆ ಶೇ. 40, ಹತ್ತು ದಾಟಿದರೆ ಅದೂ 50. ಬಂಪರ್ರೂ ಹೆಡ್‌ಲ್ಯಾಂಪೂ ಪ್ಲಾಸ್ಟಿಕ್ಕೇ. ಅರ್ಧ ನಿಮ್ಮ ಜೇಬಿನಿಂದ. ಸವಕಳಿ ಇಲ್ಲದ ಹೆಚ್ಚುವರಿ ರಕ್ಷಣೆಯನ್ನು ಇಷ್ಟು ವಯಸ್ಸಾದ ಕಾರಿಗೆ ಕೊಡಲು ಬಹಳ ವಿಮಾ ಕಂಪನಿಗಳು ಹಿಂಜರಿಯುತ್ತವೆ.

ಇದರ ಇನ್ನೊಂದು ಮುಖವನ್ನೂ ಮೇಷ್ಟ್ರಿಗೆ ಹೇಳಿದೆ. ದುರಸ್ತಿಯ ವೆಚ್ಚ ವಿಮಾ ಮೌಲ್ಯದ ಶೇ. 75 ಮೀರಿದರೆ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ. ವ್ಯಾಗನ್ ಆರ್‌ಗೆ ಆ ಗೆರೆ 90,000. ಮುಂಭಾಗಕ್ಕೆ ಸಾಧಾರಣ ಪೆಟ್ಟು ಬಿದ್ದರೂ ಅದು ದಾಟುತ್ತದೆ. ಆಗ ಕೈಗೆ ಬರುವ ಹಣದಲ್ಲಿ ಇನ್ನೊಂದು ಕಾರು ಬರುವುದಿಲ್ಲ.

ಮೇಷ್ಟ್ರಿಗೆ ರುಚಿಸದ ಭಾಗ

ಇಷ್ಟು ಹೊತ್ತಿಗೆ ಅಪ್ಪ ಗೆದ್ದವರಂತೆ ಕಾಫಿ ತರಿಸಿದ್ದರು. ಆದರೆ ನಾನು ಇನ್ನೂ ಮುಗಿಸಿರಲಿಲ್ಲ.

ಅವರ ವ್ಯಾಗನ್ ಆರ್‌ನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಆ ಕಾಲದ ಕೆಳಹಂತದ ಮಾದರಿಗಳಲ್ಲಿ ಇರುತ್ತಿರಲಿಲ್ಲ. ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರಲ್ಲಿ. ಬೆಂಜಿನ ಇದೇ ತಲೆಮಾರಿನ ಸಿ ಕ್ಲಾಸ್ ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ 2014ರ ಯೂರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದಿದೆ. ಅಲ್ಲಿ ಪರೀಕ್ಷೆಗೆ ನಿಂತದ್ದು ಯೂರೋಪಿನ ಕಾರು ಎಂದು ಎಷ್ಟೇ ಮುರಿದುಕೊಂಡರೂ ಈ ಎರಡರ ನಡುವಿನ ದೂರ ಮುಚ್ಚುವುದಿಲ್ಲ.

"ನಾನು ಎಂಬತ್ತಕ್ಕಿಂತ ಮೇಲೆ ಹೋಗುವವನೇ ಅಲ್ಲ" ಎಂದರು ಮೇಷ್ಟ್ರು.

"ನೀವು ಎಂಬತ್ತರಲ್ಲಿ ಹೋಗುತ್ತೀರಿ ಮೇಷ್ಟ್ರೇ, ಹಿಂದಿನಿಂದ ಬರುವವನು ಎಷ್ಟರಲ್ಲಿ ಬರುತ್ತಾನೆ?" ಎಂದೆ.

ಎಂಬತ್ತರಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಾಲು ಬ್ರೇಕಿಗೆ ಬರುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಎಬಿಎಸ್ ಇಲ್ಲದ ಕಾರಿನಲ್ಲಿ ಗಾಬರಿಯಿಂದ ಒತ್ತಿದರೆ ಚಕ್ರ ಕಟ್ಟಿಕೊಂಡು ಸ್ಟೀರಿಂಗ್ ಕೆಲಸಕ್ಕೆ ಬಾರದಾಗುತ್ತದೆ. ಎತ್ತರವೂ ಅಗಲ ಕಡಿಮೆಯೂ ಆದ ಕಾರು ಬೇರೆ. ದೊಡ್ಡ ಬಸ್ಸು ಪಕ್ಕದಲ್ಲಿ ಹಾದರೆ ಗಾಳಿಗೆ ತುಯ್ಯುತ್ತದೆ. ಲಕ್ಷದ ಲೆಕ್ಕದಲ್ಲಿ ಗೆದ್ದ ಕಾರು ಈ ರಸ್ತೆಯಲ್ಲಿ ಸೋಲುತ್ತದೆ ಎಂಬುದು ನನ್ನ ತೀರ್ಮಾನ, ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ.

ಹಿಂದಿನ ಸೀಟಿನಲ್ಲಿ ಇನ್ನೊಂದು ಕಂಡಿತು. ಸೀಟಿಗೆ ದಪ್ಪ ಕವರು ಹೊಲಿಸಿದ್ದರು, ಬೆಲ್ಟಿನ ಬಕಲುಗಳು ಅದರಡಿಯಲ್ಲಿ ಹೂತುಹೋಗಿದ್ದವು. ಕವರು ಹಾಕಿಸಿದ ದಿನದಿಂದ ಅವನ್ನು ಯಾರೂ ನೋಡಿಲ್ಲ. ಮಗನಿಗೂ ಒಂದು ಮಾತು ಹೇಳಬೇಕಾಯಿತು: 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಐಷಾರಾಮಿ ಕಾರಿನಲ್ಲೇ. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ತಿಳಿಸಿದ್ದರು. ಇಬ್ಬರೂ ಉಳಿಯಲಿಲ್ಲ, ಮುಂದೆ ಕುಳಿತಿದ್ದ ಇಬ್ಬರು ಗಾಯಗಳೊಂದಿಗೆ ಬದುಕಿದರು.

ಅಮ್ಮನ ಮಂಡಿ

ಒಂದು ಭಾನುವಾರ ವ್ಯಾಪಾರಿಯ ಹುಡುಗನನ್ನು ಜೊತೆಗೆ ಕೂರಿಸಿಕೊಂಡು ಮಗ ಬೆಂಜನ್ನು ಮಂಡ್ಯಕ್ಕೆ ತಂದ. ತೋಟದ ದಾರಿಗೂ ಹೋಗಿ ಬರೋಣವೆಂದು ಹೊರಟರು. ಊರ ಮುಂದಿನ ಹಂಪಿನಲ್ಲಿ, ಅದೂ ಊರಿನವರೇ ಸಿಮೆಂಟ್ ಸುರಿದು ಮಾಡಿದ ಹಂಪು, ಐದು ಜನರಿದ್ದ ಕಾರಿನ ಹೊಟ್ಟೆ ಕೆರೆಯಿತು. ಮಗ ಓರೆಯಾಗಿ ತಿರುಗಿಸಿ ದಾಟಿಸಿದ. ನಾಲೆ ಏರಿಯ ಮೇಲೆ 1,810 ಮಿಲಿಮೀಟರ್ ಅಗಲದ ಕಾರಿಗೆ ಎದುರಿಗೊಂದು ಟ್ರ್ಯಾಕ್ಟರ್ ಬಂದಾಗ ಅರ್ಧ ಫರ್ಲಾಂಗು ಹಿಂದಕ್ಕೆ ಬರಬೇಕಾಯಿತು. ವ್ಯಾಗನ್ ಆರ್ ಅದಕ್ಕಿಂತ ಒಂದಡಿಯಷ್ಟು ಕಿರಿದು.

ಆದರೆ ಪ್ರಕರಣ ತೀರ್ಮಾನವಾದದ್ದು ಮನೆಯ ಮುಂದೆ ಇಳಿಯುವಾಗ. ಅಮ್ಮನ ಬಲ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ವ್ಯಾಗನ್ ಆರ್‌ನಲ್ಲಿ ಸೀಟು ಕುರ್ಚಿಯ ಎತ್ತರಕ್ಕಿದೆ, ಅವರು ಪಕ್ಕಕ್ಕೆ ತಿರುಗಿ ಕಾಲು ಕೆಳಗಿಟ್ಟರೆ ನಿಂತಂತೆಯೇ. ಸೆಡಾನಿನ ಸೀಟು ನೆಲಕ್ಕೆ ಹತ್ತಿರ. ಕುಳಿತದ್ದು ಹೇಗೋ ಆಯಿತು, ಏಳಲು ಆಗಲಿಲ್ಲ. ಸೊಸೆ ಒಂದು ಕೈ ಹಿಡಿದರು, ಮಗ ಇನ್ನೊಂದು. ಬಾಗಿಲ ಚೌಕಟ್ಟು ತಲೆಗೆ ತಾಗದಂತೆ ಮೇಷ್ಟ್ರು ಅಂಗೈ ಅಡ್ಡ ಹಿಡಿದರು. ಎದ್ದು ನಿಂತ ಅಮ್ಮ ಉಸಿರು ತೆಗೆದುಕೊಂಡು, "ಕಾರು ಚೆನ್ನಾಗಿದೆ ಕಣಪ್ಪ, ನನ್ನನ್ನು ಮಾತ್ರ ಅದರಲ್ಲಿ ಕೂರಿಸಬೇಡ" ಎಂದರು.

ಅಲ್ಲಿಗೆ ಬೆಂಜಿನ ಮಾತು ನಿಂತಿತು. ಅಮ್ಮನ ಕಾರಣ ಸತ್ಯವಾದದ್ದೇ. ಆದರೆ ಅದು ಎಲ್ಲರಿಗೂ ಅನುಕೂಲವಾಗಿ ಒದಗಿತು ಎಂದೂ ನನಗೆ ಅನಿಸುತ್ತದೆ. ಮಗನಿಗೆ ಸೋತೆನೆನ್ನಬೇಕಾಗಿ ಬರಲಿಲ್ಲ, ಅಪ್ಪನಿಗೆ ಹೆದ್ದಾರಿಯ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬರಲಿಲ್ಲ. ಆ ಪ್ರಶ್ನೆಯನ್ನು ನಾನೇ ಮತ್ತೆ ಎತ್ತಬೇಕಾಯಿತು.

ಕೊನೆಗೆ ಆದದ್ದು

ಮುಂಗಡ ಕೊಟ್ಟಿರಲಿಲ್ಲವಾದ್ದರಿಂದ ವ್ಯಾಪಾರಿಯ ಜೊತೆ ತಕರಾರು ಆಗಲಿಲ್ಲ. ವ್ಯಾಗನ್ ಆರ್ ದುರಸ್ತಿಯಾಯಿತು, ಮಂಡ್ಯ ಆರ್‌ಟಿಒದಲ್ಲಿ ತಪಾಸಣೆಯಾಯಿತು. ಕಾರಿನ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕ 5,000 ರೂಪಾಯಿ, ಅದಕ್ಕೆ ಮುಂಚೆ 600 ಇತ್ತು. ಅದರ ಜೊತೆಗೆ ಹಸಿರು ತೆರಿಗೆ. ಆರ್‌ಸಿ 2030ರವರೆಗೆ ಸಿಕ್ಕಿತು.

ನಾನು ಎರಡು ಷರತ್ತು ಹಾಕಿದೆ. ಹಿಂದಿನ ಸೀಟಿನ ಕವರು ಕಿತ್ತು ಬೆಲ್ಟುಗಳನ್ನು ಹೊರಗೆ ತೆಗೆಯುವುದು ಒಂದು. ಅದನ್ನು ಮೇಷ್ಟ್ರು ಅಂದೇ ಮಾಡಿದರು. ಈ ಕಾರನ್ನು ಹೆದ್ದಾರಿಗೆ ಒಯ್ಯದಿರುವುದು ಎರಡನೆಯದು. ಇದಕ್ಕೆ ಮುಖ ಸಿಂಡರಿಸಿದರೂ ಬೆಂಗಳೂರಿಗೆ ರೈಲಿನಲ್ಲಿ, ಇಲ್ಲವೇ ಏರ್‌ಬ್ಯಾಗ್ ಇರುವ ಬಾಡಿಗೆ ಕಾರಿನಲ್ಲಿ ಹೋಗುವುದಕ್ಕೆ ಒಪ್ಪಿದ್ದಾರೆ. ಬಾಡಿಗೆ ಎಷ್ಟೇ ಆದರೂ ಕಿಲೋಮೀಟರಿಗೆ 60 ರೂಪಾಯಿ ಆಗುವುದಿಲ್ಲ ಎಂದು ಸೊಸೆ ಲೆಕ್ಕದ ಕಾಗದವನ್ನೇ ಮೇಷ್ಟ್ರಿಗೆ ತೋರಿಸಿದರಂತೆ.

ಮಗ ಹುಡುಕಾಟ ಬಿಟ್ಟಿಲ್ಲ, ಹುಡುಕುವ ವಸ್ತು ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ದೊಡ್ಡ ಕಾರುಗಳಿಗೆ ಅದು 40. ಆರು ಏರ್‌ಬ್ಯಾಗ್, ನಾಲ್ಕು ಮೀಟರಿನೊಳಗಿನ ಉದ್ದ, ಆಟೊಮ್ಯಾಟಿಕ್ ಗೇರು, ಹತ್ತು ಲಕ್ಷದೊಳಗೆ ಬೆಲೆ ಎಂದು ಪಟ್ಟಿ ಮಾಡಿಕೊಂಡಿದ್ದಾನೆ. ಷೋರೂಮಿಗೆ ಹೋಗುವಾಗ ಅಮ್ಮನನ್ನು ಕರೆದುಕೊಂಡೇ ಹೋಗುತ್ತಾನೆ. ಅವರು ಸಲೀಸಾಗಿ ಕುಳಿತು ಎದ್ದ ಕಾರಿನ ಬೆಲೆಯನ್ನು ಮಾತ್ರ ಕೇಳುತ್ತಾನೆ.

ಹೊಸದು ಬಂದ ಮೇಲೆ ಹಳೆಯದನ್ನು ಏನು ಮಾಡುತ್ತೀರಿ ಎಂದು ಪಕ್ಕದ ಬೀದಿಯವರೊಬ್ಬರು ಒಂದು ಲಕ್ಷಕ್ಕೆ ಕೇಳಿದ್ದಾರೆ. "ಐದು ವರ್ಷಕ್ಕೆ ಈಗ ತಾನೇ ದುಡ್ಡು ಕಟ್ಟಿದ್ದೇನೆ" ಎಂದು ಮೇಷ್ಟ್ರು ಅವರನ್ನು ಕಳುಹಿಸಿದರು.